ಪಿಳ್ಳಮ್ಮನ ಕಲ್ಲು

ಕಾಡಗುಂಟೆಯ ಕೆರೆ ಏರಿಯ ಕೆಳಗೆ, ತೂಬಿನಿಂದ ಕೂಗಳತೆ ದೂರದಲ್ಲಿ, ಯಾರೂ ಉಳದ ಒಂದು ದಿಬ್ಬವಿದೆ. ಸುತ್ತಲೂ ಸೊಪ್ಪು, ಹೂವು, ತರಕಾರಿ. ದಿಬ್ಬದ ಮೇಲೆ ಮಾತ್ರ ಒಣಹುಲ್ಲು. ಅಲ್ಲಿ ಬರಿಗಾಲಲ್ಲಿ ನಡೆದವರ ಅಂಗಾಲಿಗೆ ಇಂದಿಗೂ ಗಾಜಿನ ಚೂರು ಚುಚ್ಚುತ್ತದೆ. ನಡುವೆ ಚೌಕದ ತಳಪಾಯ, ಅದರ ಪೂರ್ವದ ಅಂಚಿನಲ್ಲಿ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಒಂದು ಕರಿಕಲ್ಲು. ಕುಂಕುಮವಿಲ್ಲ, ಗುಡಿಯಿಲ್ಲ. ಹೊಸಬರು ಇದೆಂಥ ದೇವರು ಎಂದು ಕೇಳುತ್ತಾರೆ. ದೇವರಲ್ಲಪ್ಪ, ಕಲ್ಲೇ. ಆದರೆ ಪಿಳ್ಳಮ್ಮನ ಕಲ್ಲು.

ಹಿಂದೆ ಒಮ್ಮೆ, ಶ್ರೀರಂಗಪಟ್ಟಣ ಬಿದ್ದು ಹತ್ತು ಹನ್ನೆರಡು ವರ್ಷ ಕಳೆದಿದ್ದಾಗ, ಇಲ್ಲಿ ಒಬ್ಬ ಇಂಗ್ಲಿಷ್ ದೊರೆ ಬಂಗಲೆ ಕಟ್ಟಿಸಿಕೊಂಡಿದ್ದ. ವಿಲಾಯತಿಯಲ್ಲಿ ಆಗ ಮುದಿರಾಜನಿಗೆ ಬುದ್ಧಿ ಕೆಟ್ಟು ಮಗ ರಾಜ್ಯ ನೋಡುತ್ತಿದ್ದನಂತೆ; ಅಲ್ಲಿಯ ಸಿರಿವಂತರಿಗೆಲ್ಲ ಗಾಜಿನ ಮನೆ ಕಟ್ಟಿ ಅದರೊಳಗೆ ಗಿಡ ಸಾಕುವ ಗೀಳು ಹತ್ತಿತ್ತು ಎನ್ನುತ್ತಾರೆ. ಅವರದು ಬಿಸಿಲಿಗೆ ಬಾಯಿಬಿಡುವ ದೇಶ, ಸಿಕ್ಕಷ್ಟನ್ನು ಕೂಡಿಹಾಕಿಕೊಳ್ಳಲಿ, ತಪ್ಪಿಲ್ಲ. ಈ ಪುಣ್ಯಾತ್ಮ ಅದನ್ನೇ ತಂದು ನಮ್ಮ ಬಯಲಿನಲ್ಲಿ ನಿಲ್ಲಿಸಿದ. ಮದರಾಸಿನಿಂದ ಹುಲ್ಲು ಸುತ್ತಿದ ಗಾಜು ಗಾಡಿಗಟ್ಟಲೆ ಬಂತು. ಅವನ ಹೆಂಡತಿ ಹಡಗು ಹತ್ತಿದ್ದಳು. ತವರಿನಲ್ಲಿ ಅವಳಿಗೆ ಅಂಥದೊಂದು ಇತ್ತು, ಇಲ್ಲಿಯೂ ಇರಲಿ ಎಂದು ಅವನ ಆಸೆ. ಅವಳು ಮುಂಚಿತವಾಗಿ ಕಳಿಸಿದ್ದ ಬಿಳಿ ಹೂವಿನ ಗಿಡವೊಂದನ್ನು ನಟ್ಟನಡುವೆ ಇಟ್ಟರು.

ನೋಡಿಕೊಳ್ಳಲು ಕರೆಸಿದ್ದು ತಿಗಳರ ಪಾಳ್ಯದ ಮುತ್ತುರಾಯನನ್ನು. ಒಣಗಿದ ಕಡ್ಡಿಯನ್ನೂ ಚಿಗುರಿಸುವ ಕೈ ಅವನದು. ಅವನ ಹೆಂಡತಿ ಪಿಳ್ಳಮ್ಮ ಆ ಮನೆ ಕಂಡ ದಿನವೇ "ಇದು ಗಿಡ ಸಾಕೋ ಮನೆಯೋ, ಹಪ್ಪಳ ಒಣಗ್ಸೋ ಮನೆಯೋ" ಎಂದು ನಕ್ಕಿದ್ದಳು. ನಕ್ಕದ್ದು ಬಾಯಿ ಮಾತ್ರ, ಮನಸ್ಸಿಗೆ ಸರಿಬಂದಿರಲಿಲ್ಲ. ಮುತ್ತುರಾಯ ಹೊತ್ತೇರುವ ಮುಂಚೆ ಕಿಟಕಿ ಬಾಗಿಲು ತೆರೆದಿಟ್ಟು ಹೇಗೋ ಸಂಭಾಳಿಸುತ್ತಿದ್ದ. ಒಂದು ದಿನ ತೆರೆದ ಬಾಗಿಲಿನಿಂದ ಮೇಕೆ ನುಗ್ಗಿ ಬಿಳಿ ಹೂವಿನ ಗಿಡದ ಕೊಂಬೆ ಮೇದುಬಿಟ್ಟಿತು. ದೊರೆ ಕೆಂಡಾಮಂಡಲವಾದ. ಕಿಟಕಿಗಳಿಗೆ ಮೊಳೆ ಬಿತ್ತು, ಬಾಗಿಲಿಗೆ ಬೀಗ. ಇನ್ನು ಗಿಡಕ್ಕಾಗಲಿ ಗಾಜಿಗಾಗಲಿ ಏನಾದರೂ ಆದರೆ ಪಾಳ್ಯದ ತೂಬು ಮುಚ್ಚಿಸುತ್ತೇನೆ ಎಂದು ಗುಡುಗಿದ. ಪಾಳ್ಯದ ಮೂವತ್ತು ಮನೆ ಬದುಕಿದ್ದೇ ಆ ತೂಬಿನ ನೀರಿನಿಂದ. ಅಂದಿನಿಂದ ಮುತ್ತುರಾಯ ಬೆಳಿಗ್ಗೆ ಒಳಹೋದರೆ ದೊರೆಯ ಕಾವಲಿನ ದಫೇದಾರ ಹೊರಗಿನಿಂದ ಬೀಗ ಹಾಕುವುದು, ಹೊತ್ತು ನೆತ್ತಿಗೆ ಬರುವ ಮುಂಚೆ ಬಂದು ತೆಗೆಯುವುದು ರೂಢಿಯಾಯಿತು.

ವೈಶಾಖದ ಒಂದು ಬೆಳಿಗ್ಗೆ, ದೊರೆಸಾನಿ ಎರಡು ಹರದಾರಿ ಆಚೆಯ ಮುಸಾಫಿರಖಾನೆಗೆ ಬಂದಿಳಿದ ಸುದ್ದಿ ಬಂತು. ದೊರೆ ಎದುರುಗೊಳ್ಳಲು ಹೊರಟ. ದಫೇದಾರ ಗಡಿಬಿಡಿಯಲ್ಲಿ ಬೀಗದಕೈಯನ್ನು ಸೊಂಟದಲ್ಲಿಟ್ಟುಕೊಂಡೇ ಕುದುರೆಯ ಹಿಂದೆ ಓಡಿದ. ನಡುಹಗಲಿಗೆ ಮುದ್ದೆ ಮಜ್ಜಿಗೆ ಹೊತ್ತು ಬಂದ ಪಿಳ್ಳಮ್ಮನಿಗೆ ಗಂಡ ಗಾಜಿನಾಚೆ ಕಂಡ. ಮೈಮೇಲಿನ ಬಟ್ಟೆ ಬಿಚ್ಚಿ ಗಿಡಕ್ಕೆ ನೆರಳು ಕಟ್ಟಿದ್ದ. ತೊಟ್ಟಿಯ ಕೊನೆಯ ನೀರನ್ನು ಅದರ ಬುಡಕ್ಕೆ ಹಾಕುತ್ತಿದ್ದ. ಅವಳ ಕೂಗಿಗೆ ಪಾಳ್ಯವೆಲ್ಲ ಓಡಿಬಂತು. ಒಬ್ಬ ಬೀಗದಕೈ ತರಲು ಓಡಿದ. ಬಾಗಿಲೂ ಗಾಜಿನದೇ, ಒಡೆಯದೆ ದಾರಿಯಿಲ್ಲ. ಪಿಳ್ಳಮ್ಮ ಬದುವಿನ ಮೇಲಿದ್ದ ಈ ಕಲ್ಲನ್ನು ಎರಡು ಕೈಯಲ್ಲಿ ಎತ್ತಿದಳು. ಒಳಗಿನಿಂದ ಮುತ್ತುರಾಯ ಬೇಡವೆಂದು ಕೈಯಾಡಿಸಿ ತೂಬಿನ ಕಡೆ ಬೆರಳು ತೋರಿಸಿದ.

"ಕಲ್ಲು ಇಳಿಸವ್ವ," ಎಂದ ಪಾಳ್ಯದ ಯಜಮಾನ ಅಣ್ಣಯ್ಯಪ್ಪ. "ಮೂವತ್ತು ಮನೆ ಬಾಯಿಗೆ ಮಣ್ಣು ಬೀಳ್ತದೆ. ಬೀಗದಕೈ ಬತ್ತದೆ, ಒಸಿ ತಡ್ಕ."

"ಒಳಗಿರೋರು ತಡ್ಕತಾರಾ, ಮಾವ?"

ಯಜಮಾನ ಬೀಗದಕೈ ಬರಬೇಕಾದ ದಾರಿಯ ಕಡೆ ತಿರುಗಿದ. ಅವಳು ಸುತ್ತ ನಿಂತವರ ಮುಖ ನೋಡಿದಳು. ಎಲ್ಲರ ಮನೆಯಲ್ಲೂ ಉಂಡವಳು ಅವಳು. ಕಲ್ಲನ್ನು ಇಳಿಸಿದಳು. ಸದ್ದಾಗದಂತೆ ಇಳಿಸಿದಳು ಎನ್ನುತ್ತಾರೆ. ಆಮೇಲೆ ಗಾಜಿಗೆ ಹೊರಗಿನಿಂದ ಸೆರಗು ಹರವಿ ಹಿಡಿದು, ಗಂಡನ ಮೇಲೆ ಒಂದಿಷ್ಟು ನೆರಳು ಬೀಳುವಂತೆ ನಿಂತಳು. ಮುತ್ತುರಾಯ ಆ ನೆರಳಿಗೆ ಬಂದು ಗಾಜಿಗೆ ಒರಗಿ ಕೂತ. ಮತ್ತೆ ಏಳಲಿಲ್ಲ.

ದೊರೆ ಬಂದು ಬೀಗ ತೆಗೆಸುವಾಗ ಹೊತ್ತು ಇಳಿದಿತ್ತು. ಒಳಗಿನ ಕಾವು ಮುಖಕ್ಕೆ ರಾಚಿತು. ಬಿಳಿ ಹೂವಿನ ಗಿಡದ ಎಲೆ ಬಾಡಿರಲಿಲ್ಲ. ದೊರೆ ಟೋಪಿ ತೆಗೆದು ನಿಂತ. ಗಾಜು ಒಡೆದು ಯಾಕೆ ಹೊರಗೆ ತರಲಿಲ್ಲ ಎಂದು ದುಭಾಷಿಯ ಬಾಯಲ್ಲಿ ಕೇಳಿಸಿದ. ಯಜಮಾನ ತಲೆತಗ್ಗಿಸಿ ತೂಬಿನ ಮಾತು ಹೇಳಿದ. ದೊರೆಗೆ ಆ ಮಾತು ನೆನಪೇ ಇರಲಿಲ್ಲ. ಅದು ಸಿಟ್ಟಿನಲ್ಲಿ ಆಡಿದ್ದು, ತೂಬು ಮೈಸೂರಿನವರದು, ಮುಚ್ಚಿಸಲು ನನಗೆಲ್ಲಿ ಅಧಿಕಾರ ಎಂದ. ಪಿಳ್ಳಮ್ಮ ಅದನ್ನು ಇನ್ನೊಂದು ಸಲ ಹೇಳು ಎಂದು ದುಭಾಷಿಯನ್ನು ಕೇಳಿದಳು. ಅವನು ಹೇಳಿದ. ಅವಳು ಹೋಗಿ ಅದೇ ಕಲ್ಲನ್ನು ಎತ್ತಿ ತಂದು ಬಾಗಿಲಿನಿಂದ ಶುರುಮಾಡಿದಳು. ಎಸೆದಳು, ಹೆಕ್ಕಿದಳು, ಮತ್ತೆ ಎಸೆದಳು. ಕೈಯಿಂದ ರಕ್ತ ಸುರಿಯುತ್ತಿದ್ದರೂ ಕೊನೆಯ ಗಾಜು ಬೀಳುವವರೆಗೆ ಬಿಡಲಿಲ್ಲ. ಯಾರೂ ತಡೆಯಲಿಲ್ಲ, ದೊರೆಯೂ ತಡೆಯಲಿಲ್ಲ. ದೊರೆಸಾನಿ ಪಲ್ಲಕ್ಕಿಯಿಂದ ಇಳಿಯಲೇ ಇಲ್ಲವಂತೆ.

ಮಳೆಗಾಲದೊಳಗೆ ದೊರೆ ದೊರೆಸಾನಿ ಊರು ಬಿಟ್ಟರು. ಪಿಳ್ಳಮ್ಮ ಬಹಳ ವರ್ಷ ಬದುಕಿದಳು. ಹೂವು ಬೆಳೆದಳು, ಮಾರಿದಳು, ಯಜಮಾನನ ಮನೆಯ ಹೊಸಿಲು ಮಾತ್ರ ತುಳಿಯಲಿಲ್ಲ. ಊರವರು ಅವಳ ಧೈರ್ಯವನ್ನು ಹೊಗಳಿದರೆ ಎದ್ದು ಹೋಗುತ್ತಿದ್ದಳು. ಹೆಣದ ಮುಂದೆ ಒಡೆದದ್ದು ಎಂಥ ಧೈರ್ಯ ಎಂದು ಅವಳ ಮಾತು.

ಕಲ್ಲು ಇಂದಿಗೂ ಅಲ್ಲೇ ಇದೆ, ತಳದಲ್ಲಿ ಚಕ್ಕೆ ಎದ್ದು ಸವೆದಿದೆ. ಅದು ಬಿದ್ದು ಬಿದ್ದು ನೆಲದಲ್ಲಿ ಗುಳಿಯಾಗಿದೆ. ಪಾಳ್ಯದವರು ಹೆಣ್ಣುಮಕ್ಕಳನ್ನು ಮದುವೆಗೆ ಮೊದಲು ಒಮ್ಮೆ ಇಲ್ಲಿಗೆ ಕರೆತಂದು ಅದನ್ನು ಎತ್ತಿಸುತ್ತಾರೆ. ನೋಡಲು ಬಂದವರೂ ಎತ್ತಬಹುದು, ಅಡ್ಡಿಯಿಲ್ಲ. ಆದರೆ ಭಾರವಾಯಿತೆಂದು ಮೆಲ್ಲಗೆ ಕೆಳಗಿಡಲು ಹೋದರೆ, ಪಕ್ಕದ ಮಡಿಯಲ್ಲಿ ಸೊಪ್ಪು ಕೀಳುತ್ತಿರುವ ಮುದುಕಿಯರು ತಲೆಯೆತ್ತಿ, "ಇಳಿಸ್ಬ್ಯಾಡಿ, ಎಸೀರಿ" ಎನ್ನುತ್ತಾರೆ.