ಹೆಪ್ಪಿನ ಗೆರೆಗಳು

“ಸರ್, ನಮ್ಮ ಜನ ಒಬ್ಬರ ಮನೆಗೊಬ್ಬರು ಹೋಗುವುದನ್ನು ಬಿಟ್ಟದ್ದು ಯಾವಾಗಿನಿಂದ?” ಎಂದು ನೀಲಗಂಗಾ ಕೇಳಿದಳು.

ಅವಳು ಸಮಾಜಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ತಾನು ಹುಟ್ಟಿ ಬೆಳೆದ ಓಣಿಯನ್ನೇ ವಿಷಯವಾಗಿ ಆರಿಸಿಕೊಂಡಿದ್ದಳು. ಹಾಸ್ಟೆಲಿನಲ್ಲಿ ಕುಳಿತು ಫೋನಿನಲ್ಲೇ ಪ್ರಶ್ನೆ ಕಳಿಸಿ, ಉತ್ತರ ತರಿಸಿಕೊಂಡಿದ್ದಳು. ಯಾರ ಮನೆಗೆ ಯಾರು ಹೋಗುತ್ತಾರೆಂಬ ನಕ್ಷೆ ಮೇಜಿನ ಮೇಲಿತ್ತು. ಅದರಲ್ಲಿ ಮನೆಗಳು ಬಹಳ, ಗೆರೆಗಳು ನಾಲ್ಕೈದು. ಕೊನೆಯ ಅಧ್ಯಾಯಕ್ಕೆ ಗುರುಗಳ ರುಜು ಬಿದ್ದರೆ ಪ್ರಬಂಧ ಮುಗಿದಂತೆ.

ಗುರುಗಳು ಪೆನ್ನಿನ ಮುಚ್ಚಳ ಹಾಕಿದರು. “ರುಜು ಎಲ್ಲಿಗೂ ಓಡಿಹೋಗುವುದಿಲ್ಲ. ಕತೆ ಕೇಳು” ಎಂದು ಶುರು ಮಾಡಿದರು.

ಒಬ್ಬ ಸಂಶೋಧಕನಿದ್ದ. ಹೆಸರು ಬೇಡ, ಹೇಳಿದರೆ ನನಗೇ ನಾಚಿಕೆ. ಮೂವತ್ತು ವರ್ಷದ ಹಿಂದೆ ಅವನು ಒಂದು ಓಣಿಯಲ್ಲಿ ಬಾಡಿಗೆ ಕೋಣೆ ಹಿಡಿದು ಎರಡು ವರ್ಷ ಇದ್ದ. ದೀಪ ಹಚ್ಚಿದ ಮೇಲೆ ಆ ಓಣಿಯಲ್ಲಿ ಯಾರೂ ಮೊಸರನ್ನು ಮನೆಯಿಂದ ಹೊರಗೆ ಕೊಡುತ್ತಿರಲಿಲ್ಲ. ಹಾಗಾಗಿ ಹೆಪ್ಪಿಲ್ಲದವರು ಹೊತ್ತು ಮುಳುಗುವ ಮೊದಲೇ ಬಟ್ಟಲು ಹಿಡಿದು ನೆರೆಮನೆಗೆ ಹೊರಡುತ್ತಿದ್ದರು. ಒಂದು ಚಮಚ ಹೆಪ್ಪಿಗೆ ಹೋದವರು ಅರ್ಧ ಗಂಟೆ ಕೂತು ಬರುತ್ತಿದ್ದರು. ಕೊಟ್ಟವಳ ಮೊಸರು ಮುಂದೆ ಎಂದಾದರೂ ಕೆಟ್ಟರೆ, ಅವಳದೇ ಹೆಪ್ಪು ನಾಲ್ಕು ಮನೆ ಸುತ್ತಿ ಅವಳ ಗಡಿಗೆಗೇ ವಾಪಸು ಬರುತ್ತಿತ್ತು. ಎಂಥ ಸಂಜೆಗಳು ಅವು. ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಯಾರು ಯಾರಿಂದ ಹೆಪ್ಪು ಒಯ್ಯುತ್ತಾರೆಂದು ಸಂಶೋಧಕ ಗೆರೆ ಎಳೆದು ನಕ್ಷೆ ಮಾಡಿದ. ಒಂದು ಮನೆಯೂ ಒಂಟಿಯಾಗಿ ಉಳಿಯಲಿಲ್ಲ. ನಕ್ಷೆ ಪುಸ್ತಕವಾಯಿತು. ಪುಸ್ತಕದಿಂದ ಅವನಿಗೆ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು.

ಈಚೆಗೆ ಅವನು ಅದೇ ಓಣಿಗೆ ಮತ್ತೆ ಹೋದ. ಸಮಾಜ ಎಷ್ಟು ಬದಲಾಗಿದೆ ಎಂದು ಅಳೆಯಬೇಕಿತ್ತು. ಮನೆಮನೆಗೂ ಫ್ರಿಜ್ ಬಂದಿತ್ತು, ಅಂಗಡಿಯಲ್ಲಿ ಮೊಸರಿನ ಪಾಕೀಟು ಸಿಗುತ್ತಿತ್ತು. ಬಟ್ಟಲು ಹಿಡಿದು ಹೊರಡುವವರು ಯಾರೂ ಇರಲಿಲ್ಲ. ಹೊಸ ನಕ್ಷೆಯಲ್ಲಿ ಅವನು ಒಂದೂ ಗೆರೆ ಎಳೆಯಲಿಲ್ಲ. ಕೆಳಗೆ ‘ಸಂಬಂಧಗಳು ಕಡಿದಿವೆ’ ಎಂದು ಬರೆದ. ಬರೆಯುವಾಗ ಅವನಿಗೆ ನಿಜವಾಗಿಯೂ ದುಃಖವಾಯಿತು.

ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳಿಗೆ ಎರಡೂ ನಕ್ಷೆ ತೋರಿಸಿದ. ಮುದುಕಿ ಹಳೆಯ ನಕ್ಷೆಯ ಮೇಲೆ ಬಹಳ ಹೊತ್ತು ಬೆರಳಾಡಿಸಿದಳು.

“ಇದರಾಗ ನೀ ಬಾಡಿಗಿಗಿದ್ದ ಖೋಲಿ ಎಲ್ಲೈತಿ, ತಮ್ಮಾ?”

“ಅದನ್ನ ಹಾಕಿಲ್ಲವ್ವಾ. ನಾ ಓಣಿ ನೋಡಾಕ ಬಂದಾಂವ, ಓಣಿಯಾಂವಲ್ಲ.”

“ಎರಡು ವರ್ಷ ನಮ್ಮನಿ ಹೆಪ್ಪು ಒಯ್ದಿ. ದೀಪ ಹಚ್ಚೂ ಹೊತ್ತಾತು, ಹುಡುಗ ಇನ್ನೂ ಬಂದಿಲ್ಲಂತ ನಾ ಬಾಗಲಾಗ ನಿಂತಿರತಿದ್ದೆ. ಈಗ ಹೆಪ್ಪಿಗೆ ಯಾರೂ ಬರೂದಿಲ್ಲ, ಖರೆ. ಆದ್ರ ಹೋದ ವರ್ಷ ನಾ ಜ್ವರ ಬಂದು ಮಲಗಿದಾಗ ಇದ ಓಣಿ ಮಂದಿ ಗಂಜಿ ಕಾಸಿ ತಂದ್ರು. ಪಂಚಮಿಗೆ ಬರ್ತೀನಂತ ಹೇಳಿ ಹೋಗಿ ಬರದಾಂವ ನೀ ಒಬ್ಬನ.”

ಮುದುಕಿ ಒಳಗೆ ಹೋಗಿ ಒಂದು ಬಟ್ಟಲು ಮೊಸರು ತಂದು ಅವನ ಕೈಗಿಟ್ಟಳು. ಆಗಲೇ ಮನೆಯಲ್ಲಿ ದೀಪ ಹಚ್ಚಿಯಾಗಿತ್ತು. ಅವಳು ರೂಢಿ ಮುರಿದು ಕೊಟ್ಟಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

“ಆಮೇಲೆ ಅವನು ಏನು ಬರೆದ, ಸರ್?” ಎಂದು ನೀಲಗಂಗಾ ಕೇಳಿದಳು.

“ಇನ್ನೂ ಬರೆದಿಲ್ಲ” ಎಂದರು ಗುರುಗಳು. ಮೇಜಿನ ಮೇಲಿದ್ದ ನಕ್ಷೆಯನ್ನು ಅವಳ ಕಡೆಗೆ ತಿರುಗಿಸಿ ಮೆಲ್ಲಗೆ ಕೇಳಿದರು:

“ನಿನ್ನ ಓಣಿಯವರದಿರಲಿ. ನೀನು ಹೋಗುವುದನ್ನು ಬಿಟ್ಟದ್ದು ಯಾವಾಗಿನಿಂದ?”