ಫಿಲ್ಟರ್ ನಂಬಿದ ಮೌನ

ಲಾಟರಿ ಮೇಲ್‌ಗಳಿಂದ ಉಸಿರುಗಟ್ಟಿದ ಇನ್‌ಬಾಕ್ಸ್, ಬಾಗಿಲು ಕಾಯುವ ಸ್ಪ್ಯಾಮ್ ಫಿಲ್ಟರನ್ನು ಕೇಳಿತು: "ಮಾರಾಯ, ಬರುವವರನ್ನು ವಿಚಾರಿಸಿಯೇ ಒಳಗೆ ಬಿಡುತ್ತೀಯೋ?"

"ಊರಿಗೆಲ್ಲ ದೂತನಾಗಿ ಓಡಾಡುವ ಡಿಎನ್‌ಎಸ್‌ನನ್ನು ಕಳ್ಳರ ಹೆಸರಿರುವ ಕಪ್ಪುಪಟ್ಟಿಯ ಬಳಿ ಕಳಿಸಿ ಕೇಳಿಸುತ್ತೇನೆ. ಈವರೆಗೆ ಒಬ್ಬರ ಮೇಲೂ ದೂರು ಬಂದಿಲ್ಲ."

"ಒಬ್ಬರ ಮೇಲೂ? ನಾನು ಕಂಡ ಲೋಕ ಅಷ್ಟು ಒಳ್ಳೆಯದಲ್ಲ. ಪರೀಕ್ಷೆಗೆಂದೇ ಆ ಪಟ್ಟಿಯಲ್ಲಿ ಒಬ್ಬ ಹುಸಿಕಳ್ಳನನ್ನು ಇಟ್ಟಿದ್ದಾರಂತೆ. ಅವನ ಬಗ್ಗೆ ಕೇಳಿಸು, ನೋಡೋಣ."

ಡಿಎನ್‌ಎಸ್ ಹೋಗಿ ಬಂದ. "ಅವನ ಮೇಲೂ ದೂರಿಲ್ಲ."

ಆಗ ಫಿಲ್ಟರ್ ತನ್ನ ಮನೆಗೇ ಬೇರೆ ಡಿಎನ್‌ಎಸ್‌ನನ್ನು ಇಟ್ಟುಕೊಂಡು ಕಳಿಸಿತು. ಕಪ್ಪುಪಟ್ಟಿ ಅವನೆದುರು ಬಾಯಿಬಿಟ್ಟಿತು: "ಹುಸಿಕಳ್ಳ ನನ್ನಲ್ಲೇ ಇದ್ದಾನೆ. ಊರಿನ ಪ್ರಶ್ನೆಗಳನ್ನೆಲ್ಲ ಹೊತ್ತು ತರುವ ಆ ದೂತನಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ನನ್ನ ಮೌನವನ್ನೇ ಅವನು 'ದೂರಿಲ್ಲ' ಎಂದು ಹೇಳುತ್ತಾ ಬಂದ."

ಅಂದಿನಿಂದ ಇನ್‌ಬಾಕ್ಸ್ ಬೆಳಗೆದ್ದು ಮೊದಲು ಹುಸಿಕಳ್ಳನ ಬಗ್ಗೆಯೇ ವಿಚಾರಿಸುತ್ತದೆ. ಅವನು ಕಳ್ಳನೆಂದು ಉತ್ತರ ಬಂದರೆ ಮಾತ್ರ ಉಳಿದವರ ಒಳ್ಳೆಯತನವನ್ನು ನಂಬುತ್ತದೆ.