ಬ್ರೈನಮ್ಮನ ಬಾದಾಮಿ

ಪೋಲೆಂಡಿನ ಒಂದು ಹೊಳೆದಂಡೆಯ ಊರು. ಅಲ್ಲಿನ ಯೆಹೂದ್ಯರ ಮರದ ಪ್ರಾರ್ಥನಾಮಂದಿರಕ್ಕೆ ಒತ್ತಿಕೊಂಡ ಒಂಟಿ ಕೋಣೆಯಲ್ಲಿ ಪೂಜ್ಯ ರಬ್ಬಿ ಗೆದಲ್ಯರು ವಾಸವಾಗಿದ್ದರು. ಇದ್ದದ್ದು ಒಂದೇ ಕುರ್ಚಿ. ಬಂದವರು ಅದರಲ್ಲಿ ಕೂತರೆ ಗುರುಗಳು ಸೌದೆಯ ರಾಶಿಯ ಮೇಲೆ ಕೂರುತ್ತಿದ್ದರು.

ಒಂದು ಚಳಿಗಾಲದ ಬೆಳಿಗ್ಗೆ, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು, ನಾರುಬಟ್ಟೆ ವ್ಯಾಪಾರಿ ಫೈವೆಲ್ ಆ ಕುರ್ಚಿಯಲ್ಲಿ ಬುಸುಗುಡುತ್ತ ಕೂತಿದ್ದ. ಊರು ಬಿಟ್ಟು ಇಪ್ಪತ್ತು ವರ್ಷ. ತಾಯಿ ಬ್ರೈನಮ್ಮ ತೀರಿಕೊಂಡಾಗಲೂ ಬಂದವನಲ್ಲ. ಪುಣ್ಯತಿಥಿಗೆ ಮುಂಚಿನ ಸಬ್ಬತ್ತಿನಲ್ಲಿ, ಧರ್ಮಗ್ರಂಥದ ಪಠಣ ಮುಗಿದ ಮೇಲೆ, ಸತ್ತವರ ಹೆಸರು ಹಿಡಿದು ಸ್ಮರಣೆಯ ಪ್ರಾರ್ಥನೆ ಹೇಳುವ ವಾಡಿಕೆ. ಅವ್ವ ಕೂತೆದ್ದ ಮಂದಿರದಲ್ಲಿ ಒಮ್ಮೆಯಾದರೂ ಅವಳ ಹೆಸರು ಕೇಳಬೇಕೆಂದು ಮೂರು ದಿನ ಹಿಮದಲ್ಲಿ ಬಂದಿದ್ದ. ಮಂದಿರದ ಪರಿಚಾರಕ, "ಈ ವಾರ ಆಗೋದಿಲ್ಲ" ಎಂದುಬಿಟ್ಟ. ಮದುಮಗನನ್ನು ಪಠಣಕ್ಕೆ ಕರೆಯುವ ಸಬ್ಬತ್ತಿನಲ್ಲಿ ಶೋಕದ ಪ್ರಾರ್ಥನೆ ಕೈಬಿಡುವುದು ಸಂಪ್ರದಾಯ. ಈ ವಾರ ಪೀಪಾಯಿ ಕಟ್ಟುವ ಹುಡುಗನೊಬ್ಬ ಮದುಮಗ.

"ಪೀಪಾಯಿ ಕಟ್ಟುವವನ ಮದುವೆಗೆ ನಮ್ಮವ್ವ ಜಾಗ ಬಿಟ್ಟು ಏಳಬೇಕಾ, ಗುರುಗಳೇ? ನಾನು ಹಿಂಗೆ ಗಿರಾಕಿಯನ್ನ ವಾಪಸ್ ಕಳಿಸಿದ್ರೆ ಅಂಗಡಿ ಮುಚ್ಚಬೇಕಾಗ್ತಿತ್ತು."

"ತಿಥಿಯ ದಿನ ಸಮಾಧಿಯ ಬಳಿ ಹೇಳೋಣ," ಎಂದರು ರಬ್ಬಿಗಳು. "ಅದಿರಲಿ ಫೈವೆಲ್, ಇಂಥ ಸಬ್ಬತ್ತಿನಲ್ಲಿ ನಿನ್ನ ತಾಯಿ ಏನು ಮಾಡುತ್ತಿದ್ದರು?"

ಫೈವೆಲ್‌ನ ಸಿಡುಕು ಅಲ್ಲೇ ನಿಂತಿತು. "ಏನ್ ಮಾಡ್ತಾಳೆ? ಎಲ್ಲರ ಹಾಗೆ ಮೇಲಿನ ಹೆಂಗಸರ ಅಟ್ಟದಿಂದ ಮದುಮಗನ ಮೇಲೆ ಬಾದಾಮಿ, ಒಣದ್ರಾಕ್ಷಿ ಎಸೀತಿದ್ಲು. ಎಸೆಯೋದೇನು, ಕವಣೆ ಕಲ್ಲು! ಒಂದ್ಸಲ ನಿಮ್ಮ ಮೂಗಿಗೇ ಬಿತ್ತಲ್ಲ..."

"ಮೂರು ದಿನ ಊದಿತ್ತು," ಎಂದು ಗುರುಗಳು ನಕ್ಕರು. ಗೂಡಿನಿಂದ ಬಾದಾಮಿಯ ಒಂದು ಗಂಟು ತೆಗೆದು ಅವನ ಕೈಗಿಟ್ಟರು. "ಈ ಮದುಮಗನಿಗೆ ತಾಯಿಯಿಲ್ಲ. ನೀನು ಎಸೆ."

ಸ್ವಲ್ಪ ಹೊತ್ತಿನಲ್ಲಿ ಮಂದಿರದಲ್ಲಿ ಪಠಣ ಮುಗಿಸಿ ಮದುಮಗ ತಲೆಯೆತ್ತಿದ. ಫೈವೆಲ್ ನಾಚುತ್ತಲೇ ಒಂದು ಹಿಡಿ ತೂರಿದ. ಒಂದು ಬಾದಾಮಿ ನೇರ ಹೋಗಿ ಬಡಿದದ್ದು ರಬ್ಬಿಗಳ ಮೂಗಿಗೆ!

ಗುರುಗಳು ಮೂಗು ಸವರಿಕೊಂಡು ಗಟ್ಟಿಯಾಗಿ ಅಂದರು: "ಬ್ರೈನಮ್ಮನ ಕೈಯೇ!"

"ಯಾರು, ನಮ್ಮ ಬ್ರೈನಾನ ಮಗನೇ?" ಅಟ್ಟದಿಂದೊಂದು ಮುದಿ ದನಿ ಕೂಗಿತು. "ಬ್ರೈನಮ್ಮನ ಗುರಿ ಗುರಿಯೇ!" ಎಂದರು ಕೆಳಗಿನ ಮುದುಕರು. ಬೆಂಚಿನಿಂದ ಬೆಂಚಿಗೆ, ನಗುವಿನ ಜೊತೆ ಆ ಹೆಸರು ಹರಿದಾಡಿತು. ಫೈವೆಲ್ ಪ್ರಾರ್ಥನೆಯ ಶಾಲನ್ನು ಮುಖದ ಮೇಲೆ ಎಳೆದುಕೊಂಡ.

ಆಮೇಲೆ ಪ್ರತಿವರ್ಷ ಆ ವಾರಕ್ಕೆ ಅವನ ಹಿಮಗಾಡಿ ತಪ್ಪದೆ ಬರುತ್ತಿತ್ತು. ಇಳಿದವನೇ ಕೇಳುತ್ತಿದ್ದ: "ಮದುಮಗ ಇದ್ದಾನೋ?" ಇಲ್ಲವೆಂದರೆ ಭಕ್ತಿಯಿಂದ ಸ್ಮರಣೆಯ ಪ್ರಾರ್ಥನೆ ಹೇಳಿಸುತ್ತಿದ್ದ. ಇದ್ದಾನೆಂದರೆ ಅವನ ಮುಖ ಅರಳುತ್ತಿತ್ತು. ರಬ್ಬಿಗಳು ಆ ಸಬ್ಬತ್ತಿನಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು.